ಜಾಣ ಮಗು, ಅರಬ್ಬಿ ಪಾಠ, ಅಮ್ಮನ ಮೊಬೈಲು

ಈ ಪುಟ ಓದುತ್ತಿರುವ ಹೊತ್ತಿಗೆ ನಿಮ್ಮ ಮನೆಯ ಮೊಬೈಲು ಯಾರ ಕೈಯಲ್ಲಿದೆ, ಹೇಳಿ ನೋಡೋಣ? ನಿಮ್ಮ ಕೈಯಲ್ಲಂತೂ ಇರಲಾರದು. ಒಲೆಯ ಮೇಲೆ ಸಾರು ಕುದಿಯುತ್ತಿದೆ, ನೀವು ಪತ್ರಿಕೆ ಹಿಡಿದು ಕುಳಿತಿದ್ದೀರಿ. ಮೊಬೈಲು ಹಿಡಿದವರು ಒಳಕೋಣೆಯಲ್ಲಿ ಸದ್ದಿಲ್ಲದೆ ಇದ್ದಾರೆ. "ಏನೇ ಮಾಡ್ತಿದ್ದೀಯಾ?" ಅಂದರೆ "ಓದ್ತಾ ಇದೀನಮ್ಮಾ" ಎಂಬ ಉತ್ತರ ತೇಲಿ ಬರುತ್ತದೆ. ನಂಬುವುದೋ, ಬಿಡುವುದೋ!

ನಾನೂ ನಂಬದವಳೇ. ಮಕ್ಕಳಿಗೆ ಮೊಬೈಲು ಕೊಡುವುದೆಂದರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಎಂದು ವಾದಿಸುತ್ತಿದ್ದವಳು. ಆದರೆ ಕಳೆದ ವರ್ಷ ತಂಗಿಯ ಬಾಣಂತನಕ್ಕೆಂದು ಶಾರ್ಜಾಕ್ಕೆ ಹೋಗಿ ಎರಡು ತಿಂಗಳು ಇದ್ದು ಬಂದೆ. ಅಲ್ಲಿ ಅವಳ ಹಿರಿಯ ಮಗಳು, ಆರನೆಯ ತರಗತಿಯ ಹುಡುಗಿ, ನನ್ನ ವಾದವನ್ನು ಅರ್ಧಕ್ಕೆ ಇಳಿಸಿಬಿಟ್ಟಳು. ಪೂರ್ತಿ ಅಲ್ಲ, ಅರ್ಧ. ಆ ಅರ್ಧದ ಕಥೆಯನ್ನೇ ನಿಮಗೆ ಹೇಳಹೊರಟಿದ್ದೇನೆ. ನಿಮ್ಮ ಅಕ್ಕನೋ ತಂಗಿಯೋ ನಾದಿನಿಯೋ ಗಲ್ಫಿನಲ್ಲಿದ್ದರೆ ಈ ಪುಟವನ್ನು ಅವರಿಗೂ ತೋರಿಸಿ.

ಮೊದಲಿಗೆ ಒಂದು ಮಾತು. ಸಂಯುಕ್ತ ಅರಬ್ ಎಮಿರೇಟ್ಸ್‌ನ ಖಾಸಗಿ ಶಾಲೆಗಳಲ್ಲಿ ಅರಬ್ಬಿ ಕಡ್ಡಾಯ. ನಮ್ಮ ಸಿ.ಬಿ.ಎಸ್.ಇ. ಪಠ್ಯಕ್ರಮದ ಶಾಲೆಗಳೂ ಇದಕ್ಕೆ ಹೊರತಲ್ಲ. ಅರಬ್ಬಿ ಮನೆಮಾತಲ್ಲದ ಮಕ್ಕಳು ಸಹ ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಅದನ್ನು ಓದಲೇಬೇಕು. ಅಲ್ಲಿಗೆ ಹೋದ ಕನ್ನಡದ ತಾಯಂದಿರಿಗೆ ಇದು ದೊಡ್ಡ ತಲೆನೋವು. ಗಣಿತ ನಮಗೆ ಗೊತ್ತು, ವಿಜ್ಞಾನ ಹೇಗೋ ನಿಭಾಯಿಸುತ್ತೇವೆ, ಹಿಂದಿಯನ್ನು ಸಿನಿಮಾ ನೋಡಿ ಕಲಿತಿದ್ದೇವೆ. ಅರಬ್ಬಿ ಪುಸ್ತಕ ತೆರೆದರೆ ಯಾವುದು ಮೇಲೆ ಯಾವುದು ಕೆಳಗೆ ಎಂದೇ ತಿಳಿಯದು! ಪುಸ್ತಕದ ಮೊದಲ ಪುಟ ಇರುವುದೇ ನಮ್ಮ ಕೊನೆಯ ಪುಟದಲ್ಲಿ. ಹೀಗಾಗಿ ಹೆಚ್ಚಿನ ಮನೆಗಳಲ್ಲಿ ಆ ಒಂದು ವಿಷಯವನ್ನು ಮಗುವಿನ ಹಣೆಬರಹಕ್ಕೆ ಬಿಟ್ಟಿರುತ್ತಾರೆ.

ನಮ್ಮ ಹುಡುಗಿಯ ಕಷ್ಟ ಬೇರೆಯ ತರಹದ್ದು. ಅವಳಿಗೆ ಅರಬ್ಬಿ ಬರುವುದಿಲ್ಲ ಎಂಬ ಕಷ್ಟವಲ್ಲ, ಬರುತ್ತದೆ ಎಂಬ ಕಷ್ಟ. ಒಂದನೆಯ ತರಗತಿಯಲ್ಲೇ ಎರಡು ವಾರದಲ್ಲಿ ಇಪ್ಪತ್ತೆಂಟು ಅಕ್ಷರ ಕಲಿತು ಮುಗಿಸಿದಳಂತೆ. ಆದರೆ ಅಲ್ಲಿಯ ಶಾಲೆಗಳಲ್ಲಿ ಪ್ರತಿ ವರ್ಷ ಹೊಸ ಮಕ್ಕಳು ಊರಿನಿಂದ ಬಂದು ಸೇರುತ್ತಲೇ ಇರುತ್ತಾರೆ. ಅವರಿಗಾಗಿ ಪಾಠ ಮತ್ತೆ ಅಲಿಫ್, ಬಾ, ತಾ ಎಂದೇ ಆರಂಭ. ಐದು ವರ್ಷ ಅದೇ ಅಕ್ಷರ, ಅದೇ ಬಣ್ಣ, ಅದೇ ವಾರದ ದಿನಗಳು. ಇವಳು ಕಿಟಕಿಯಾಚೆ ನೋಡುತ್ತ ಕೂರತೊಡಗಿದಳು. ಅಂಕ ಇಳಿಯಿತು. "ಜಾಣೆ ಅಂತ ಎಲ್ಲರೂ ಹೊಗಳಿ ಹೊಗಳಿ ಸೊಕ್ಕು ಬಂದಿದೆ" ಎಂದು ತಂಗಿಯ ತೀರ್ಮಾನ.

ಮೇಲಿನಿಂದ ಹಾಲಿನ ಪ್ರಸಂಗ ಬೇರೆ ನಡೆಯಿತು. ಅರಬ್ಬಿ ಮೇಡಂ ಈಜಿಪ್ಟಿನವರು. ಹಾಲಿನ ಚಿತ್ರ ತೋರಿಸಿ "ಲಬನ್" ಅಂದರು. ಇವಳು ಎದ್ದು ನಿಂತು "ಅಲ್ಲ ಮೇಡಂ, ಲಬನ್ ಅಂದರೆ ಮಜ್ಜಿಗೆ, ನಮ್ಮ ಫ್ರಿಜ್ಜಿನಲ್ಲೇ ಇದೆ" ಅಂದಳು. ತರಗತಿಯೆಲ್ಲ ನಕ್ಕಿತು. ಸಂಜೆ ಡೈರಿಯಲ್ಲಿ ಷರಾ ಬಂತು: ಎದುರುತ್ತರ ಕೊಡುತ್ತಾಳೆ. ತಂಗಿ ಬಾಣಂತಿ, ನಿದ್ದೆಗೆಟ್ಟವಳು. ವಿಚಾರಿಸುವ ಸಹನೆ ಎಲ್ಲಿಂದ ಬರಬೇಕು? ಬೈದಳು. ಬೈದದ್ದಲ್ಲದೆ ಮಗಳ ಕೈಯಲ್ಲಿದ್ದ ಹಳೆಯ ಮೊಬೈಲನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ನಿಜ ಏನು ಗೊತ್ತೇ? ಇಬ್ಬರೂ ಹೇಳಿದ್ದು ಸರಿಯೇ. ಈಜಿಪ್ಟಿನಲ್ಲಿ ಲಬನ್ ಎಂದರೆ ಹಾಲು. ಗಲ್ಫಿನ ಅಂಗಡಿಯಲ್ಲಿ ಲಬನ್ ಕೇಳಿದರೆ ಮಜ್ಜಿಗೆಯ ಬಾಟಲಿ ಕೊಡುತ್ತಾರೆ, ಅಲ್ಲಿ ಹಾಲಿಗೆ ಹಲೀಬ್ ಎಂಬ ಮಾತು. ಅರಬ್ಬಿಯ ಸ್ವಭಾವವೇ ಹೀಗೆ. ಪುಸ್ತಕ, ಪತ್ರಿಕೆ, ವಾರ್ತೆಯಲ್ಲಿ ಬಳಸುವ ಗ್ರಾಂಥಿಕ ಭಾಷೆ ಒಂದು, ಅದಕ್ಕೆ ಫುಸ್‌ಹಾ ಅನ್ನುತ್ತಾರೆ. ಮನೆಯಲ್ಲಿ, ಸಂತೆಯಲ್ಲಿ ಆಡುವುದು ದೇಶಕ್ಕೊಂದು ಬಗೆ. "ಹೇಗಿದ್ದೀಯಪ್ಪಾ?" ಎನ್ನಲು ಪುಸ್ತಕದಲ್ಲಿ "ಕೈಫ ಹಾಲುಕ", ಗಲ್ಫಿನಲ್ಲಿ "ಶ್ಲೋನಕ್", ಈಜಿಪ್ಟಿನಲ್ಲಿ "ಇಝ್ಝಯ್ಯಕ್". ನಮ್ಮಲ್ಲಿ ಧಾರವಾಡದವರ ಮಾತು ಮಂಗಳೂರಿನವರಿಗೆ ತಮಾಷೆಯೆನಿಸುತ್ತದಲ್ಲ, ಅದರ ನಾಲ್ಕು ಪಟ್ಟು ಎಂದಿಟ್ಟುಕೊಳ್ಳಿ. ಈ ವ್ಯತ್ಯಾಸವನ್ನು ಹನ್ನೊಂದು ವರ್ಷದ ಹುಡುಗಿ ತಾನಾಗಿಯೇ ಕಂಡುಹಿಡಿದಿದ್ದಳು. ಅದಕ್ಕೆ ಸಿಕ್ಕಿದ ಬಹುಮಾನ ಬೈಗುಳ.

ದಿಂಬಿನಡಿಯ ನೋಟುಬುಕ್ಕು

ಮೊಬೈಲು ಬೀಗದೊಳಗೆ ಸೇರಿದ ಮೇಲೆ ಹುಡುಗಿ ಒಂದು ನೋಟುಬುಕ್ಕಿನಲ್ಲಿ ಏನೋ ಬರೆಯತೊಡಗಿದಳು. ಒಂದು ದಿನ ಹಾಸಿಗೆ ಕೊಡವುವಾಗ ಅದು ನನ್ನ ಕಾಲ ಮೇಲೆ ಬಿತ್ತು. ನೋಡಿದರೆ ಪುಟಗಟ್ಟಲೆ ಅರಬ್ಬಿ! ಬಲದಿಂದ ಎಡಕ್ಕೆ ಇರುವೆ ಸಾಲಿನ ಹಾಗೆ. ನಾನು ತಂಗಿಗೆ ತೋರಿಸಿದೆ. ಅವಳಿಗೂ ಓದಲು ಬಾರದು. ಎದುರು ಮನೆಯಲ್ಲಿ ಸಿರಿಯಾ ದೇಶದ ಹೆಂಗಸೊಬ್ಬರಿದ್ದಾರೆ, ಒಳ್ಳೆಯವರು, ಮಗು ಹುಟ್ಟಿದಾಗ ತಟ್ಟೆ ತುಂಬ ಸಿಹಿ ತಂದಿದ್ದರು. ಅವರ ಮುಂದೆ ಹಿಡಿದೆವು. ಅವರು ಒಂದು ಸಾಲು ಓದಿದರು, ಹುಬ್ಬು ಗಂಟಿಕ್ಕಿದರು, ಇನ್ನೊಂದು ಸಾಲು ಓದಿದರು. "ಅಕ್ಷರ ನಮ್ಮದೇ, ಭಾಷೆ ನಮ್ಮದಲ್ಲ" ಎಂದುಬಿಟ್ಟರು.

ಅವರು ಗಟ್ಟಿಯಾಗಿ ಓದಿದ್ದು ನನ್ನ ಕಿವಿಗೆ ಬಿದ್ದಿತ್ತು. ಏನೋ ಪರಿಚಿತ ಧ್ವನಿ. "ಇನ್ನೊಮ್ಮೆ ಓದಿ" ಎಂದೆ. ನಿಧಾನವಾಗಿ ಓದಿದರು: "ಅಮ್ಮ... ಮಾತು... ಬಿಟ್ಟಲು." ನಾನೂ ತಂಗಿಯೂ ಮುಖ ಮುಖ ನೋಡಿಕೊಂಡೆವು. ಕನ್ನಡ! ಅಮ್ಮನಿಗೆ ಓದಲು ಬಾರದಂತೆ ಅರಬ್ಬಿ ಅಕ್ಷರದಲ್ಲಿ ಕನ್ನಡ ದಿನಚರಿ ಬರೆದಿದ್ದಳು ನಮ್ಮ ಕೂಸು. ತಂಗಿ ನಗಲಿಲ್ಲ. ಮಗುವಿನ ತೊಟ್ಟಿಲ ಹತ್ತಿರ ಹೋಗಿ ಗೋಡೆ ಕಡೆ ತಿರುಗಿ ಕೂತಳು. ಉಳಿದ ಪುಟ ಓದಿಸುವುದು ಸರಿಯಲ್ಲ ಎಂದು ನೋಟುಬುಕ್ಕನ್ನು ಇದ್ದಲ್ಲೇ ಇಟ್ಟೆ. ನೀವಾದರೂ ಅದನ್ನೇ ಮಾಡುತ್ತಿದ್ದಿರಿ, ಅಲ್ಲವೇ?

ಸಂಜೆ ಹುಡುಗಿಯೇ ಬಾಯಿಬಿಟ್ಟಳು. "ದೊಡ್ಡಮ್ಮಾ, ಅರಬ್ಬಿಯಲ್ಲಿ ಪ ಇಲ್ಲ, ಚ ಇಲ್ಲ, ಅದಕ್ಕೇ ಪೆಪ್ಸಿಗೆ ಬೆಬ್ಸಿ ಅಂತಾರೆ. ನಾನು ಮೊಬೈಲಲ್ಲಿ ಉರ್ದು ಕೀಲಿಮಣೆ ಹಾಕ್ಕೊಂಡು ಅದರ ಪ, ಚ, ಟ, ಡ ಎಲ್ಲ ನೋಡಿ ಕಲಿತೆ. ಆದರೆ ಳ ಎಲ್ಲೂ ಸಿಗಲಿಲ್ಲ. ಲಾಮ್ ಅಕ್ಷರದ ಕೆಳಗೆ ನಾನೇ ಒಂದು ಚುಕ್ಕಿ ಇಟ್ಕೊಂಡೆ. ಎ, ಒ ಕೂಡ ಇಲ್ಲ, ಅ, ಇ, ಉ ಮೂರೇ ಸ್ವರ." ಅವಳಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಇಂಥದೇ ಕೆಲಸವನ್ನು ಶತಮಾನಗಳ ಹಿಂದೆಯೇ ಕೇರಳದ ಮುಸ್ಲಿಮರು ಮಲಯಾಳಕ್ಕೆ ಮಾಡಿದ್ದರು. ಅದಕ್ಕೆ ಅರಬಿಮಲಯಾಳಂ ಎಂದು ಹೆಸರು. ತಮಿಳಿಗೂ ಹಾಗೆ ಅರ್ವಿ ಎಂಬ ಬರಹವಿತ್ತು. ಹೇಳಿದಾಗ ಅವಳ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು.

ಜಾಣತನ ಎಂದರೆ ಅಂಕವೇ?

ಅಮೆರಿಕದ ಶಿಕ್ಷಣತಜ್ಞ ಜೋಸೆಫ್ ರೆಂಜುಲಿ 1978ರಲ್ಲಿ ಪ್ರತಿಭಾವಂತ ಮಕ್ಕಳ ಬಗ್ಗೆ ಒಂದು ಮಾತು ಹೇಳಿದರು. ಬುದ್ಧಿಯ ಚುರುಕೊಂದೇ ಸಾಲದು. ಸರಾಸರಿಗಿಂತ ಮೇಲಿನ ಸಾಮರ್ಥ್ಯ, ಹೊಸದನ್ನು ಹುಟ್ಟಿಸುವ ಗುಣ, ಹಿಡಿದ ಕೆಲಸಕ್ಕೆ ಅಂಟಿಕೊಳ್ಳುವ ಛಲ, ಈ ಮೂರೂ ಕೂಡಿದಲ್ಲಿ ಪ್ರತಿಭೆ ಇರುತ್ತದೆ ಎಂದು. ಬಂದ ಪಾಠವನ್ನೇ ಮತ್ತೆ ಮಾಡಿಸಬೇಡಿ, ಬರುತ್ತದೆಯೆಂದು ಒಮ್ಮೆ ತೋರಿಸಿದರೆ ಸಾಕು, ಉಳಿದ ಹೊತ್ತನ್ನು ಇನ್ನೂ ದೊಡ್ಡ ಕೆಲಸಕ್ಕೆ ಕೊಡಿ ಎಂಬುದು ಅವರ ಮದ್ದು. ಆರನೆಯ ತರಗತಿಯಲ್ಲಿ ಐವತ್ತರಲ್ಲಿ ಇಪ್ಪತ್ತೆಂಟು ಅಂಕ ತಂದವಳು ದಿಂಬಿನಡಿ ಒಂದು ಲಿಪಿಯನ್ನೇ ಕಟ್ಟುತ್ತಿದ್ದಳು ಎಂದರೆ ಆ ಮೂರೂ ಗುಣ ಅವಳಲ್ಲಿದ್ದವೆಂದೇ ಅರ್ಥ. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ, ಅಷ್ಟೆ.

ಬೀರುವಿನ ಬೀಗ ತೆಗೆಸಿದೆ. ಆದರೆ ಸುಮ್ಮನೆ ಮೊಬೈಲು ಕೈಗಿಡಲಿಲ್ಲ. ಎರಡು ತಿಂಗಳಲ್ಲಿ ನಾವು ಮೂವರೂ ಸೇರಿ ಏನೇನು ಮಾಡಿದೆವು, ಯಾವುದು ಫಲಿಸಿತು, ಯಾವುದು ಕೆಟ್ಟಿತು ಎಂಬುದನ್ನು ಹೇಳುತ್ತೇನೆ.

ಅರಬ್ಬಿ ಅಕ್ಷರಗಳ ಆಕಾರ ಕೆಲವೇ, ಚುಕ್ಕಿ ಬೇರೆ ಬೇರೆ. ದೋಣಿಯ ಹಾಗೊಂದು ಗೆರೆ, ಕೆಳಗೆ ಒಂದು ಚುಕ್ಕಿಯಿಟ್ಟರೆ ಬಾ, ಮೇಲೆ ಎರಡಿಟ್ಟರೆ ತಾ, ಮೂರಿಟ್ಟರೆ ಸಾ. ಚುಕ್ಕಿ ರಂಗೋಲಿ ಹಾಕುವ ನಮಗೆ ಇದು ಕಷ್ಟವೇ? ಹತ್ತನೆಯ ಶತಮಾನದ ಬಗ್ದಾದಿನಲ್ಲಿದ್ದ ಇಬ್ನ್ ಮುಕ್ಲಾ ಎಂಬಾತ ಲೇಖನಿಯ ಚುಕ್ಕಿಯನ್ನೇ ಅಳತೆ ಮಾಡಿಕೊಂಡು ಅಕ್ಷರದ ಉದ್ದಗಲ ಗೊತ್ತುಪಡಿಸಿದನೆಂದು ಹೇಳುತ್ತಾರೆ. ನಿಜವಾದ ತೊಡಕೆಂದರೆ ಒಂದೇ ಅಕ್ಷರ ಪದದ ಮೊದಲಲ್ಲಿ ಒಂದು ರೂಪ, ನಡುವೆ ಒಂದು, ಕೊನೆಗೆ ಮತ್ತೊಂದು. ಆರು ಅಕ್ಷರಗಳು ಮಾತ್ರ ಮುಂದಿನದರ ಕೈ ಹಿಡಿಯುವುದಿಲ್ಲ. ಇಲ್ಲಿ ಮೊಬೈಲು ಚೆನ್ನಾಗಿ ಒದಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಕಡೆ ಹೋಗಿ ಅರಬ್ಬಿ ಕೀಲಿಮಣೆ ಸೇರಿಸಿಕೊಳ್ಳಿ, ದುಡ್ಡು ಕೊಡಬೇಕಿಲ್ಲ. ಕೀಲಿಯ ಮೇಲೆ ಅಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ, ಒತ್ತುತ್ತ ಹೋದಂತೆ ಕಣ್ಣೆದುರಿಗೇ ಒಂದಕ್ಕೊಂದು ಕೂಡಿಕೊಂಡು ರೂಪ ಬದಲಿಸುತ್ತದೆ. ಹೂ ಕಟ್ಟಿದ ಹಾಗೆ! ನನಗೆ ಅರಬ್ಬಿ ಬರಹದ ಗುಟ್ಟು ತಿಳಿದದ್ದೇ ಅದನ್ನು ನೋಡಿ. ಆದರೆ ಮೊಬೈಲಿನಲ್ಲಿ ಒತ್ತಿದ್ದನ್ನು ಅಂದೇ ಪೆನ್ಸಿಲ್ ಹಿಡಿದು ನೋಟುಬುಕ್ಕಿನಲ್ಲೂ ಬರೆಯಬೇಕೆಂದು ನಿಯಮ ಮಾಡಿದೆವು. ಜಾಣ ಮಕ್ಕಳಿಗೆ ಬರೆಯುವುದೆಂದರೆ ಬೇಸರ, ತಲೆ ಓಡಿದಷ್ಟು ಕೈ ಓಡದು. ಅಲ್ಲಿ ಮಾತ್ರ ರಿಯಾಯಿತಿ ಕೊಡಬೇಡಿ.

ಇನ್ನೊಂದು ತೊಡಕು ಹ್ರಸ್ವ ಸ್ವರ. ಪತ್ರಿಕೆ, ಫಲಕ ಮುಂತಾದ ಸಾಮಾನ್ಯ ಬರಹದಲ್ಲಿ ಅದನ್ನು ಬರೆಯುವುದೇ ಇಲ್ಲ. ಕನ್ನಡದಲ್ಲಿ ಬರೀ ಮ, ರ ಎಂದಷ್ಟೇ ಬರೆದು ಮರ, ಮರಿ, ಮುರಿ, ಮೊರ ಯಾವುದೆಂದು ನೀವೇ ಊಹಿಸಿ ಎಂದರೆ ಹೇಗಿರುತ್ತದೆ? ಹಾಗೆ ಕ, ತ, ಬ ಎಂಬ ಮೂರು ವ್ಯಂಜನ ಕಂಡರೆ ಅದು ಕತಬ (ಬರೆದನು) ಇರಬಹುದು, ಕುತುಬ್ (ಪುಸ್ತಕಗಳು) ಇರಬಹುದು. ಅನುವಾದದ ಆಪ್ ಕೂಡ ಇಲ್ಲಿ ಎಡವುತ್ತದೆ. ಸಾಧಾರಣ ಮಗುವಿಗೆ ಇದು ಕಿರಿಕಿರಿ, ಜಾಣ ಮಗುವಿಗೆ ಒಗಟು. ನಮ್ಮ ಹುಡುಗಿ ಮೊಬೈಲಿನ ಅನುವಾದ ತಪ್ಪಿದ್ದನ್ನು ಹುಡುಕಿ ಹಿಡಿಯುವುದನ್ನೇ ಆಟ ಮಾಡಿಕೊಂಡಳು. ಯಂತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ ಎಂಬುದು ಈ ಆಟದಲ್ಲೇ ಅವಳಿಗೆ ಮನದಟ್ಟಾಯಿತು.

ಅಡಿಗೆಮನೆಯೇ ಪಾಠಶಾಲೆ

ಗಲ್ಫಿನಲ್ಲಿ ಮಾರುವ ಆಹಾರದ ಪೊಟ್ಟಣಗಳ ಮೇಲೆಲ್ಲ ಅರಬ್ಬಿ ಇದ್ದೇ ಇರುತ್ತದೆ. ನಾನು ಅಡಿಗೆ ಮಾಡುವಾಗ ಅವಳು ಹಳೆಯ ಮೊಬೈಲು ಹಿಡಿದು ಕಟ್ಟೆಯ ಪಕ್ಕ ನಿಲ್ಲುತ್ತಿದ್ದಳು. ಉಪ್ಪಿನ ಪೊಟ್ಟಣದ ಫೋಟೋ, ಕೆಳಗೆ ಅವಳದೇ ಧ್ವನಿಯಲ್ಲಿ "ಮಿಲ್ಹ್". ರೊಟ್ಟಿ "ಖುಬ್ಝ್". ಸಕ್ಕರೆ "ಸುಕ್ಕರ್". ಇದು ನಮ್ಮ ಸಂಸ್ಕೃತದ ಶರ್ಕರವೇ ಪಾರಸಿಯ ದಾರಿಯಲ್ಲಿ ಅಲ್ಲಿಗೆ ಹೋದದ್ದು. ಎಲ್ಲಕ್ಕಿಂತ ನನಗೆ ಸೊಗಸೆನಿಸಿದ್ದು ಹುಣಸೆಹಣ್ಣು. ಅದಕ್ಕೆ ಅವರು "ತಮರ್ ಹಿಂದಿ" ಅನ್ನುತ್ತಾರೆ. ಭಾರತದ ಖರ್ಜೂರ! ಸಾರಿಗೆ ಹುಳಿ ಕಿವುಚುವಾಗಲೆಲ್ಲ ಈಗ ನನಗೆ ಈ ಮಾತು ನೆನಪಾಗುತ್ತದೆ.

ಅಡಿಗೆಮನೆಗೆ ಅರಬ್ಬಿಯಲ್ಲಿ ಮತ್ಬಖ್. ತ, ಬ, ಖ ಎಂಬ ಬೇರು ಅಡಿಗೆಗೆ ಸಂಬಂಧಿಸಿದ್ದು. ಮುಂದೆ ಮ ಸೇರಿದರೆ ಅಡಿಗೆ ಮಾಡುವ ಜಾಗ. ಬರೆಯುವ ಬೇರಿಗೆ ಮ ಸೇರಿದರೆ ಮಕ್ತಬ್, ಬರೆಯುವ ಜಾಗ, ಎಂದರೆ ಕಚೇರಿ. ಆಟದ ಬೇರಿಗೆ ಸೇರಿದರೆ ಮಲ್‌ಅಬ್, ಆಟದ ಮೈದಾನ. ಊಟದ ಬೇರಿಗೆ ಸೇರಿದರೆ ಮತ್‌ಅಮ್, ಹೋಟೆಲು. ಒಂದು ದಿನ ಕಾರಿನಲ್ಲಿ ಹೋಗುವಾಗ ಹುಡುಗಿ ಫಲಕ ಓದುತ್ತ ಓದುತ್ತ "ದೊಡ್ಡಮ್ಮಾ! ಮ ಬಂದರೆ ಜಾಗ!" ಎಂದು ಕಿರುಚಿದಳು. ತಂಗಿಯ ಯಜಮಾನರು ಬೆಚ್ಚಿ ಬ್ರೇಕು ಹಾಕಿದರು. ಯಾರೂ ಹೇಳಿಕೊಟ್ಟಿರಲಿಲ್ಲ. ಮೊಬೈಲಿನಲ್ಲಿ ತೆಗೆದಿಟ್ಟ ನಲವತ್ತು ಫಲಕಗಳ ಫೋಟೋ ಹಿಂದೆ ಮುಂದೆ ಸರಿಸಿ ನೋಡುತ್ತಿದ್ದವಳಿಗೆ ಹೊಳೆದಿತ್ತು. ಮ ಕಂಡಲ್ಲೆಲ್ಲ ಜಾಗವೇ ಆಗಬೇಕೆಂದೇನಿಲ್ಲ, ಅದು ಅವಳಿಗೆ ವಾರದೊಳಗೆ ತಿಳಿಯಿತು. ತಿಳಿದದ್ದೂ ಅದೇ ಫೋಟೋಗಳಿಂದ.

ಜಾಣ ಮಗುವಿಗೆ ಪದಪಟ್ಟಿ ಕೊಡಬೇಡಿ, ಪದದ ಬೇರು ಕೊಡಿ. ಹ್ಯಾನ್ಸ್ ವೇಯರ್ ಎಂಬ ಜರ್ಮನ್ ವಿದ್ವಾಂಸನ ಪ್ರಸಿದ್ಧ ನಿಘಂಟು 1952ರಲ್ಲಿ ಜರ್ಮನಿನಲ್ಲಿಯೂ 1961ರಲ್ಲಿ ಇಂಗ್ಲಿಷಿನಲ್ಲಿಯೂ ಬಂತು. ಅದರಲ್ಲಿ ಪದಗಳು ಬೇರಿನ ಪ್ರಕಾರ ಜೋಡಿಸಿವೆ. ಮಕ್ತಬ್ ಹುಡುಕಲು ಮ ತೆರೆದರೆ ಸಿಗದು, ಕ, ತ, ಬ ತೆರೆಯಬೇಕು. ಮೊಬೈಲಿನ ನಿಘಂಟುಗಳಲ್ಲಿ ಪದ ಒತ್ತಿದರೆ ಸಾಕು, ಅರ್ಥ ಬಂದು ಬೀಳುತ್ತದೆ. ಸುಲಭ ನಿಜ. ಆದರೆ ಮೊದಲು ಬೇರು ಯಾವುದೆಂದು ಊಹಿಸಿ ಕಾಗದದ ಮೇಲೆ ಬರೆದು, ಆಮೇಲೆ ಮೊಬೈಲು ನೋಡುವುದು ಎಂದು ಪಂದ್ಯ ಇಟ್ಟೆವು. ಸೋತವರು ಪಾತ್ರೆ ಒರೆಸಬೇಕು. ನಾನೇ ಹೆಚ್ಚು ದಿನ ಒರೆಸಿದೆ.

ನೆನಪಿನಲ್ಲಿ ಉಳಿಸುವುದು ಹೇಗೆ? 1885ರಷ್ಟು ಹಿಂದೆಯೇ ಎಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, ಕಲಿತದ್ದು ಮೊದಲ ಗಂಟೆಗಳಲ್ಲೇ ಬಹಳಷ್ಟು ಮರೆತುಹೋಗುತ್ತದೆಂದು ತೋರಿಸಿದ್ದ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬಾತ ಇದಕ್ಕೊಂದು ಪೆಟ್ಟಿಗೆಯ ಉಪಾಯ ಸೂಚಿಸಿದ. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ. ಸರಿ ಹೇಳಿದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ ವಾಪಸು. ಮೊದಲ ಖಾನೆ ದಿನಾಲು, ಮುಂದಿನವು ಹೆಚ್ಚು ಹೆಚ್ಚು ದಿನ ಬಿಟ್ಟು. ಹಳೆಯ ಮಿಠಾಯಿ ಡಬ್ಬಿಯಲ್ಲಿ ರಟ್ಟಿನ ಅಡ್ಡಗೋಡೆ ಇಟ್ಟು ನೀವೇ ಮಾಡಬಹುದು. ಇದೇ ಕೆಲಸವನ್ನು ಮೊಬೈಲಿನಲ್ಲಿ ಅಂಕಿ ಎಂಬ ಆಪ್ ಮಾಡುತ್ತದೆ. 2006ರಲ್ಲಿ ಬಂದದ್ದು, ಜಪಾನೀ ಭಾಷೆಯಲ್ಲಿ ಅಂಕಿ ಎಂದರೆ ಕಂಠಪಾಠ. ಆಂಡ್ರಾಯ್ಡ್ ಮೊಬೈಲಿಗೆ ಉಚಿತ. ಬೇರೆಯವರು ಮಾಡಿಟ್ಟ ಸಾವಿರ ಚೀಟಿ ಇಳಿಸಿಕೊಳ್ಳುವುದಕ್ಕಿಂತ ಮಗುವೇ ತನ್ನ ಫೋಟೋ, ತನ್ನ ಧ್ವನಿ ಹಾಕಿ ದಿನಕ್ಕೆ ಐದು ಚೀಟಿ ಮಾಡಿದರೆ ಹೆಚ್ಚು ಫಲ. ಡ್ಯುಯೋಲಿಂಗೊ ಎಂಬ ಆಟದ ರೀತಿಯ ಪಾಠದಲ್ಲಿ 2019ರಿಂದ ಅರಬ್ಬಿಯೂ ಇದೆ. ಹೊಸದಾಗಿ ಅಕ್ಷರ ಕಲಿಯುವವರಿಗೆ ಚೆನ್ನ. ನಮ್ಮ ಹುಡುಗಿ ನಾಲ್ಕು ದಿನದಲ್ಲಿ ಬೇಸತ್ತಳು. "ಇದೂ ನಮ್ಮ ಕ್ಲಾಸಿನ ಹಾಗೇ ದೊಡ್ಡಮ್ಮಾ, ಬಣ್ಣ ಮಾತ್ರ ಜಾಸ್ತಿ" ಅಂದಳು.

ಎಲ್ಲಿ ಕೆಟ್ಟಿತು ಎಂದೂ ಹೇಳಬೇಕಲ್ಲ. ಉಚ್ಚಾರದಲ್ಲಿ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಬರುವ ಕೆಲವು ಅಕ್ಷರಗಳಿವೆ. ಆಳದ ಕ ಹಿಡಿದು "ಕಲ್ಬ್" ಅಂದರೆ ಹೃದಯ. ನಮ್ಮ ಮಾಮೂಲಿ ಕ ಹಾಕಿದರೆ ನಾಯಿ! ಮೊಬೈಲಿಗೆ ಹೇಳಿದರೆ ಅದು ಹಿಂದೆ ಮುಂದಿನ ಮಾತು ನೋಡಿ ಊಹಿಸಿಕೊಂಡು ಸರಿ ಎನ್ನುತ್ತಿತ್ತು. ಹುಡುಗಿ ಬೀಗುತ್ತಿದ್ದಳು. ಎದುರು ಮನೆಯಾಕೆಯ ಹತ್ತಿರ "ನಿಮ್ಮ ಹೃದಯ ದೊಡ್ಡದು" ಎನ್ನಲು ಹೋಗಿ ಏನಾಯಿತೆಂದು ನೀವೇ ಊಹಿಸಿಕೊಳ್ಳಿ. ಪುಣ್ಯಕ್ಕೆ ಅವರು ಹೊಟ್ಟೆ ಹಿಡಿದು ನಕ್ಕರು. ಅಂದಿನಿಂದ ವಾರಕ್ಕೆರಡು ಸಂಜೆ ಅವರೆದುರು ಕೂತು ಓದುವುದಾಯಿತು. ಹೋಗುವ ಮೊದಲು ಮೊಬೈಲಿನಲ್ಲಿ ತನ್ನ ಧ್ವನಿ ಹಿಡಿದು ಹತ್ತು ಸಲ ಕೇಳಿಕೊಳ್ಳುತ್ತಿದ್ದಳು. ಜಾಣ ಮಕ್ಕಳಿಗೆ ಎಲ್ಲರೆದುರು ತಪ್ಪುವುದೆಂದರೆ ಪ್ರಾಣಸಂಕಟ. ಒಂಟಿಯಾಗಿ ತಪ್ಪಲು ಧ್ವನಿಮುದ್ರಣದಂಥ ಜಾಗ ಬೇರೆಯಿಲ್ಲ. ತಿದ್ದಲು ಮಾತ್ರ ಮನುಷ್ಯರ ಕಿವಿಯೇ ಬೇಕು.

ಒಂದು ರಾತ್ರಿ ಹನ್ನೊಂದಕ್ಕೆ ಹೊದಿಕೆಯೊಳಗೆ ಬೆಳಕು ಕಂಡಿತು. ಅರಬ್ಬಿಯಲ್ಲ, ಬೆಕ್ಕಿನ ವೀಡಿಯೊ. ಹಾಗಾಗಿ ಕಟ್ಟುಪಾಡು ಬಂತು: ಮೊಬೈಲು ಹಜಾರದಲ್ಲೇ, ಒಂದು ಸಲಕ್ಕೆ ಇಪ್ಪತ್ತೈದು ನಿಮಿಷ, ಊಟವಾದ ಮೇಲೆ ಅಡಿಗೆಮನೆಯ ಕಪಾಟಿಗೆ. ನಿಘಂಟನ್ನು ಮೊದಲೇ ಇಳಿಸಿಟ್ಟುಕೊಂಡರೆ ಇಂಟರ್‌ನೆಟ್ ಆರಿಸಿಯೇ ಕೊಡಬಹುದು. ಇದಕ್ಕೆಂದು ಹೊಸ ಮೊಬೈಲು ಕೊಳ್ಳಬೇಡಿ, ವರ್ಷದ ಚಂದಾ ಕಟ್ಟಿಸಿಕೊಳ್ಳುವ ಆಪ್‌ಗಳ ಬಲೆಗೂ ಬೀಳಬೇಡಿ. ಪರದೆ ಒಡೆದ ಹಳೆಯದೇ ಸಾಕು.

ನಮಗೇಕೆ ಅರಬ್ಬಿ ಅಂತೀರಾ?

"ನಾವು ಗಲ್ಫಿನಲ್ಲಿಲ್ಲ, ನಮಗೇಕೆ?" ಎಂದು ನೀವು ಕೇಳಬಹುದು. ನಮ್ಮ ಎಸ್.ಎಸ್.ಎಲ್.ಸಿ.ಯಲ್ಲಿ ತೃತೀಯ ಭಾಷೆಯಾಗಿ ಅರಬ್ಬಿ ತೆಗೆದುಕೊಳ್ಳಲು ಅವಕಾಶವಿದೆ. ಭಟ್ಕಳ, ಮಂಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ಕುರ್‌ಆನನ್ನು ಸ್ಪಷ್ಟವಾಗಿ ಓದುತ್ತಾರೆ, ಉಚ್ಚಾರ ನಮ್ಮ ಹುಡುಗಿಗಿಂತ ಎಷ್ಟೋ ಮೇಲು. ಆದರೆ ಭಾಷೆಯಾಗಿ ಅರ್ಥ ಹಿಡಿಯುವುದು ಬೇರೆಯೇ ಕಲಿಕೆ. ಅಂಥ ಚುರುಕು ಮಕ್ಕಳಿಗೆ ಮೊಬೈಲಿನ ನಿಘಂಟು, ಬೇರಿನ ಆಟ ಬಹಳ ಒದಗೀತು. ಸಂಸ್ಕೃತ ಓದಿದ ತಾಯಂದಿರಿಗೆ ಇನ್ನೊಂದು ಅನುಕೂಲವಿದೆ. ಅರಬ್ಬಿಯಲ್ಲೂ ದ್ವಿವಚನವಿದೆ, ಸಂಧಿಯಂಥದೂ ಇದೆ. "ಅಲ್" ಮುಂದೆ ಶಮ್ಸ್ (ಸೂರ್ಯ) ಬಂದರೆ "ಅಶ್ಶಮ್ಸ್" ಆಗುತ್ತದೆ, ಕಮರ್ (ಚಂದ್ರ) ಬಂದರೆ "ಅಲ್‌ಕಮರ್" ಎಂದೇ ಉಳಿಯುತ್ತದೆ. ಸೂರ್ಯ ಅಲ್ಲಿ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ನಮ್ಮ ಹುಡುಗಿ ಇದನ್ನು ಕೇಳಿ ಸೂರ್ಯನಿಗೊಂದು ಬೊಟ್ಟಿಟ್ಟು ಚಿತ್ರ ಬರೆದಳು.

ಅಷ್ಟೇಕೆ, ನೀವು ದಿನಾ ಅರಬ್ಬಿ ಮಾತಾಡುತ್ತಿದ್ದೀರಿ! ಬಾಕಿ, ವಸೂಲಿ, ತಾರೀಖು, ಅಸಲು, ನಕಲು, ಕುರ್ಚಿ, ವಕೀಲ, ಹಲ್ವ ಎಲ್ಲವೂ ಅಲ್ಲಿಯವೇ, ಪಾರಸಿಯ ಮೂಲಕ ನಮ್ಮಲ್ಲಿಗೆ ಬಂದವು. ತಹಸೀಲ್ದಾರರ ತಹಸೀಲು, ಅವರು ಎತ್ತುವ ಮಹಸೂಲು ಒಂದೇ ಬೇರಿನವು. ತಾಲ್ಲೂಕೂ ಇಲಾಖೆಯೂ ಅಕ್ಕತಂಗಿಯರು. ಅರಮನೆಯ ಮಹಲು ಶಾರ್ಜಾದಲ್ಲಿ ಬೀದಿಯ ಕಿರಾಣಿ ಅಂಗಡಿಯ ಫಲಕದಲ್ಲಿದೆ, ಅಲ್ಲಿ ಮಹಲ್ ಎಂದರೆ ಅಂಗಡಿ. ಇನ್ನು ತಕರಾರು! ಅರಬ್ಬಿಯಲ್ಲಿ ತಕ್ರಾರ್ ಎಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ನಮ್ಮಲ್ಲಿ ಅದು ಜಗಳವಾಯಿತು. ಗಂಡಹೆಂಡಿರಿರುವ ಮನೆಯಲ್ಲಿ ಈ ಅರ್ಥಬದಲಾವಣೆ ಹೇಗಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಈ ಪಟ್ಟಿಯನ್ನು ನಾನೂ ಹುಡುಗಿಯೂ ಕೂಡಿ ಮಾಡಿದೆವು. ಅವಳು ಅರಬ್ಬಿ ಹೇಳುವುದು, ನಾನು ಕನ್ನಡದಲ್ಲಿ ಹುಡುಕುವುದು. ಅರವತ್ತು ಪದವಾದಾಗ ಅಂದವಾಗಿ ಬರೆದು ಮೇಡಂಗೆ ಕೊಟ್ಟಳು, ಜೊತೆಗೆ ಲಬನ್ ವಿಷಯಕ್ಕೆ ಒಂದು ಕ್ಷಮಾಪಣೆಯ ಚೀಟಿ, ಅರಬ್ಬಿಯಲ್ಲೇ. ತಂಗಿಯೂ ಜೊತೆಗೆ ಹೋಗಿ ಮೆತ್ತಗೆ ಮಾತಾಡಿದಳು. ಮೇಡಂ ಕೆಟ್ಟವರಲ್ಲ, ಮೂವತ್ತು ಮಕ್ಕಳ ನಡುವೆ ಒಬ್ಬಳು ಹೀಗಿದ್ದಾಳೆಂದು ಅವರಿಗೆ ತಿಳಿದಿರಲಿಲ್ಲ. ಈಗ ಹೊಸ ಮಕ್ಕಳು ಅಕ್ಷರ ತಿದ್ದುವಾಗ ಇವಳಿಗೆ ಹಿಂದಿನ ಬೆಂಚಿನಲ್ಲಿ ಒಂದು ಕಥೆಪುಸ್ತಕ ಕೊಡುತ್ತಾರಂತೆ. ಅಂಕ ಏರಿತೇ ಎಂದರೆ, ಸ್ವಲ್ಪ ಏರಿದೆ. ಬರಹ ಇನ್ನೂ ಕಾಗೆಕಾಲು.

ನಾನು ಸಾಗರಕ್ಕೆ ಮರಳಿ ಬಂದ ಎಂಟು ದಿನಕ್ಕೆ ಮೊಬೈಲಿಗೆ ಒಂದು ಸಂದೇಶ ಬಂತು, ಅರಬ್ಬಿ ಅಕ್ಷರದಲ್ಲಿ. ಅಡಿಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿಕೊಂಡ ಅಕ್ಷರಪಟ್ಟಿ ನೋಡಿಕೊಂಡು, ಬಲದಿಂದ ಎಡಕ್ಕೆ ಬೆರಳಿಟ್ಟು ಕೂಡಿಸುತ್ತ ಹೋದೆ. ಸಾರು ಉಕ್ಕಿ ಒಲೆ ಆರಿತು. ಅರ್ಧ ಗಂಟೆಗೆ ಅರ್ಥವಾಯಿತು: ದೊಡ್ಡಮ್ಮಾ, ಹಲಸಿನ ಹಪ್ಪಳ ಕಳಿಸು. ಮೊಬೈಲಿನಲ್ಲಿ ಅವಳ ಚುಕ್ಕಿಯ ಳ ಇಲ್ಲವಲ್ಲ, ಬರೀ ಲ ಹಾಕಿದ್ದಳು. ಮೊನ್ನೆ ಅಲ್ಲಿಗೆ ಹೋಗುವವರೊಬ್ಬರ ಕೈಯಲ್ಲಿ ಎರಡು ಕಟ್ಟು ಕಳಿಸಿ, ಪೊಟ್ಟಣದ ಮೇಲೆ ನಾನೇ ಅರಬ್ಬಿ ಅಕ್ಷರದಲ್ಲಿ ಹಪ್ಪಳ ಎಂದು ಬರೆದೆ. ತಲುಪಿದ ಸಂಜೆಯೇ ಉತ್ತರ ಬಂತು. ದೊಡ್ಡಮ್ಮಾ, ಪ ಅಕ್ಷರಕ್ಕೆ ಕೆಳಗೆ ಮೂರು ಚುಕ್ಕಿ, ನೀನು ಒಂದೇ ಇಟ್ಟಿದ್ದೀಯ, ಹಬ್ಬಳ ಆಗಿದೆ. ಪರವಾಗಿಲ್ಲ, ನಾಲ್ಕು ಕರಿದು ತಿಂದಾಯ್ತು.